ವಿಪಿಎನ್ ಕೀಲಿಗೆ ಒಂಬತ್ತು ಬಿಟ್‌ಗಳ ಕಾವಲು

‘ಮಿಲಿಟರಿ ದರ್ಜೆಯ ಎನ್‌ಕ್ರಿಪ್ಶನ್’ ಎಂದು ಬೊಬ್ಬೆ ಹಾಕುವ ವಿಪಿಎನ್ ಜಾಹೀರಾತು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಂಪರ್ಕವನ್ನು ಗೂಢಲಿಪಿಯಲ್ಲಿ ಸಾಗಿಸುವ ವಿಪಿಎನ್ ತಂತ್ರಾಂಶ ವೈರ್‌ಗಾರ್ಡ್‌ನ ಖಾಸಗಿ ಕೀಲಿ, ಅಂದರೆ ಗುಟ್ಟಾಗಿಡಬೇಕಾದ ಸಂಖ್ಯೆ, 256 ಬಿಟ್ ಉದ್ದ. ಊಹಿಸಿ ಕಂಡುಹಿಡಿಯುವುದು ಯಾರಿಂದಲೂ ಆಗದು, ಒಪ್ಪೋಣ. ಆದರೆ ಅದು ಇರುವುದೆಲ್ಲಿ? ಲಿನಕ್ಸ್‌ನಲ್ಲಾದರೆ ಸಾಮಾನ್ಯವಾಗಿ ಒಂದು ಪಠ್ಯ ಕಡತದಲ್ಲಿ, 44 ಅಕ್ಷರಗಳ ಸಾಲಾಗಿ, ಬಟಾಬಯಲಲ್ಲಿ. ಅದನ್ನು ಕಾಯುತ್ತಿರುವುದು ಗಣಿತವಲ್ಲ, ಆ ಕಡತದ ಒಂಬತ್ತು ಅನುಮತಿ ಬಿಟ್‌ಗಳು: ಒಡೆಯ, ಗುಂಪು, ಉಳಿದವರು ಎಂಬ ಮೂರು ವರ್ಗಕ್ಕೆ ಓದುವ, ಬರೆಯುವ, ಚಲಾಯಿಸುವ ಹಕ್ಕು ಇದೆಯೋ ಇಲ್ಲವೋ ಎಂಬ ಗುರುತುಗಳು.

ಈ ಬಿಟ್‌ಗಳ ಕತೆ ಹಳೆಯದು. ಬೆಲ್ ಲ್ಯಾಬ್ಸ್‌ನವರ 1971ರ ಮೊದಲ ಯುನಿಕ್ಸ್ (ಲಿನಕ್ಸ್‌ಗೆ ಮಾದರಿಯಾದ ವ್ಯವಸ್ಥೆ) ಕೈಪಿಡಿಯಲ್ಲೇ ಅನುಮತಿ ಬದಲಿಸುವ ಸಿಎಚ್‌ಮಾಡ್ ಆದೇಶ ಇತ್ತು. ಆಗ ಇದ್ದದ್ದು ಒಡೆಯ, ಉಳಿದವರು ಎಂಬ ಎರಡೇ ವರ್ಗ. ಗುಂಪು ಸೇರಿದ್ದು ಆಮೇಲೆ. ಒಂದೇ ಯಂತ್ರವನ್ನು ಸಹೋದ್ಯೋಗಿಗಳೆಲ್ಲ ಹಂಚಿಕೊಳ್ಳುತ್ತಿದ್ದ ಕಾಲ ಅದು. ಇಂದಿಗೂ ಅನೇಕ ಲಿನಕ್ಸ್‌ಗಳಲ್ಲಿ ಹೊಸ ಕಡತ ಹುಟ್ಟುವುದು 644 ಆಗಿ: ಬರೆಯುವ ಹಕ್ಕು ಒಡೆಯನಿಗೆ, ಓದುವ ಹಕ್ಕು ಎಲ್ಲರಿಗೂ. ಮೂರು ಅಂಕಿ ಕ್ರಮವಾಗಿ ಒಡೆಯ, ಗುಂಪು, ಉಳಿದವರದು; ಓದಲು 4, ಬರೆಯಲು 2, ಚಲಾಯಿಸಲು 1 ಕೂಡಿಸಿದ್ದು.

ಪರಿಹಾರ ಸುಲಭ. ಕಡತದ ಒಡೆತನ ಯಂತ್ರದ ಸರ್ವಾಧಿಕಾರಿ ಖಾತೆಯಾದ ರೂಟ್‌ಗೆ, ಅನುಮತಿ 600: ಓದು, ಬರಹ ಎರಡೂ ಒಡೆಯನಿಗೆ ಮಾತ್ರ. ಹೊಸ ಕಡತದಿಂದ ಯಾವ ಅನುಮತಿ ಕಳೆಯಬೇಕೆಂದು ಹೇಳುವ ಯೂಮಾಸ್ಕನ್ನು ಮೊದಲೇ 077 ಮಾಡಿಕೊಂಡು ಕೀಲಿ ಸೃಷ್ಟಿಸಿದರೆ ಕಡತ ಹುಟ್ಟುವಾಗಲೇ ಮುಚ್ಚಿಕೊಂಡಿರುತ್ತದೆ. ಅನುಮತಿ ಸಡಿಲವಾಗಿದ್ದರೆ ವೈರ್‌ಗಾರ್ಡ್ ಸಂಪರ್ಕ ಎಬ್ಬಿಸುವ ಉಪಕರಣ ಡಬ್ಲ್ಯೂಜಿ-ಕ್ವಿಕ್ ಎಚ್ಚರಿಕೆ ಕೊಡುತ್ತದೆ, ಓಪನ್‌ವಿಪಿಎನ್ ಎಂಬ ಇನ್ನೊಂದು ವಿಪಿಎನ್ ತಂತ್ರಾಂಶ ಕೂಡ. ಕೊಟ್ಟು ತಮ್ಮ ಪಾಡಿಗೆ ಮುಂದುವರಿಯುತ್ತವೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಹಾಗಲ್ಲ, ಅಂಥ ಕೀಲಿಯನ್ನು ಮುಟ್ಟಲೂ ಒಲ್ಲೆ ಎನ್ನುತ್ತದೆ. ನನಗೆ ಆ ಒರಟುತನವೇ ಇಷ್ಟ.

ಏನಾದರೂ ಕೈಕೊಟ್ಟ ಕೂಡಲೇ 777 (ಎಲ್ಲರಿಗೂ ಎಲ್ಲ ಹಕ್ಕು) ಎಂಬ ಮಂತ್ರ ಹಾಕುವವರು ಗಮನಿಸಬೇಕಾದದ್ದು ಇದು. ಪರರು ಓದುವುದಕ್ಕಿಂತ ಬರೆಯುವುದು ಘೋರ. ಡಬ್ಲ್ಯೂಜಿ-ಕ್ವಿಕ್‌ನ ಕಡತದಲ್ಲಿ ‘ಪೋಸ್ಟ್‌ಅಪ್’ ಎಂಬ ಸಾಲಿಗೆ ಜಾಗವಿದೆ. ಅಲ್ಲಿ ಬರೆದ ಆದೇಶ ಸಂಪರ್ಕ ಏಳುವಾಗ ರೂಟ್ ಅಧಿಕಾರದಲ್ಲೇ ನಡೆಯುತ್ತದೆ. ಆ ಸಾಲು ಸೇರಿಸಬಲ್ಲವನಿಗೆ ಕೀಲಿಯ ಹಂಗೇ ಇಲ್ಲ, ಇಡೀ ಯಂತ್ರವೇ ಅವನದು.

ಕಡತ 600 ಇದ್ದರೂ ಅದು ಇರುವ ಡೈರೆಕ್ಟರಿಗೆ (ಫೋಲ್ಡರ್‌ಗೆ) ಇತರರು ಬರೆಯುವಂತಿದ್ದರೆ ಪ್ರಯೋಜನವಿಲ್ಲ. ಹೆಸರು ಬದಲಿಸುವ, ಅಳಿಸುವ ಹಕ್ಕು ಕಡತದ್ದಲ್ಲ, ಡೈರೆಕ್ಟರಿಯದು. ಪೆಟ್ಟಿಗೆಗೆ ಬೀಗ ಹಾಕಿದ್ದೀರಿ ಸರಿ, ಕಳ್ಳ ಪೆಟ್ಟಿಗೆಯನ್ನೇ ಪಕ್ಕಕ್ಕೆ ಸರಿಸಿ ಅಲ್ಲಿ ತನ್ನದೊಂದನ್ನು ಇಟ್ಟರೆ? ಹಾಗಾಗಿ ಡೈರೆಕ್ಟರಿಗೆ 700: ಒಡೆಯನ ಹೊರತು ಯಾರಿಗೂ ಪ್ರವೇಶವಿಲ್ಲ.

ಇಷ್ಟು ಮಾಡಿದ ಮೇಲೂ, ಕಡತ ತೆರೆದಿದ್ದ ದಿನಗಳಲ್ಲಿ ಯಾರೋ ನಕಲು ಮಾಡಿಕೊಂಡಿರಬಹುದು. ಆ ನಕಲನ್ನು ಸಿಎಚ್‌ಮಾಡ್ ಹಿಂತರಲಾರದು. ವೈರ್‌ಗಾರ್ಡ್ ಆಗಾಗ ತಾತ್ಕಾಲಿಕ ಕೀಲಿಗಳನ್ನು ಬದಲಿಸುವುದರಿಂದ ಹಳೆಯ ಮಾತುಕತೆಯನ್ನು ಆ ನಕಲಿನಿಂದ ಬಿಡಿಸಲಾಗದು. ಆದರೆ ನಿಮ್ಮ ವೇಷದಲ್ಲಿ ಸರ್ವರ್‌ಗೆ ನುಗ್ಗಬಹುದು. ಹೊಸ ಕೀಲಿಜೋಡಿ (ಖಾಸಗಿ ಕೀಲಿ ಮತ್ತು ಅದಕ್ಕೆ ಹೊಂದುವ ಸಾರ್ವಜನಿಕ ಕೀಲಿ) ಸೃಷ್ಟಿಸಿ, ಸರ್ವರ್‌ನಲ್ಲಿರುವ ಹಳೆಯ ಸಾರ್ವಜನಿಕ ಕೀಲಿಯನ್ನು ಅಳಿಸುವವರೆಗೂ ಆ ದಾರಿ ತೆರೆದೇ ಇರುತ್ತದೆ.