ಹೈಬ್ರಿಡ್ ತೆಂಗಿನ ಕಾಯಿಯನ್ನೇ ಮೊಳಕೆಗೆ ಹಾಕಬಹುದಾ?

"ಸಾರ್, ನಮ್ ತೋಟದಲ್ಲಿ ಒಂದು ಹೈಬ್ರಿಡ್ ಮರ ಐತೆ. ಗೊನೆ ತುಂಬ ಕಾಯಿ. ಅದರ ಕಾಯಿನೇ ಮೊಳಕೆಗೆ ಹಾಕಿದ್ರೆ ದುಡ್ಡು ಕೊಟ್ಟು ಸಸಿ ತರೋದು ತಪ್ತದಲ್ವಾ?"
– ಓದುಗರೊಬ್ಬರು, ಮದ್ದೂರು

ಈ ವರ್ಷ ಇದು ಎಷ್ಟನೇ ಸಲವೋ, ಲೆಕ್ಕ ತಪ್ಪಿದೆ. ಹಾಕಬೇಡಿ. ಮೊಳಕೆ ಬರುತ್ತೆ, ಮರವೂ ಆಗುತ್ತೆ. ನಿಮಗೆ ಬೇಕಾದ ಮರ ಮಾತ್ರ ಆಗಲ್ಲ.

ಎತ್ತರದ ತಳಿಯನ್ನೂ ಗಿಡ್ಡ ತಳಿಯನ್ನೂ ಕೂಡಿಸಿದಾಗ ಮೊದಲ ತಲೆಮಾರಿಗೆ ಸಿಗುವ ಕಸುವೇ ಹೈಬ್ರಿಡ್. ಕೇರಳದ ನೀಲೇಶ್ವರದಲ್ಲಿ 1932ರಲ್ಲೇ ಇದನ್ನು ಮಾಡಿದ್ದಾರೆ. ತಾಯಿ ಮರದ ಹೊಂಬಾಳೆಯಲ್ಲಿ ಗಂಡು ಹೂವನ್ನೆಲ್ಲ ತೆಗೆದು, ಚೀಲ ಕಟ್ಟಿ, ಹೆಣ್ಣು ಹೂವು ಹದಕ್ಕೆ ಬಂದಾಗ ಇನ್ನೊಂದು ತಳಿಯ ಪರಾಗ ಹಾಕಬೇಕು. ಆಮೇಲೆ ಕಾಯಿ ಬಲಿಯೋಕೆ ಹನ್ನೊಂದು–ಹನ್ನೆರಡು ತಿಂಗಳು. ಸಸಿಯ ಬೆಲೆ ಸುಮ್ಮನೆ ಏರಿಲ್ಲ. ನಿಮ್ಮ ಮರದ ಕಾಯಿಗೆ ಚೀಲ ಕಟ್ಟಿದವರು ಯಾರು? ಪಕ್ಕದ ತೋಟದ ಯಾವ ಮರದ ಪರಾಗವೋ, ಜೇನಿಗೇ ಗೊತ್ತು.

ನಿಮ್ಮೂರಲ್ಲೇ ರೇಷ್ಮೆ ಸಾಕುವವರನ್ನು ನೋಡಿ. ಮಿಶ್ರತಳಿ ಗೂಡು ಎಷ್ಟೇ ಚೆನ್ನಾಗಿ ಬಂದಿರಲಿ, ಅದರ ಚಿಟ್ಟೆಯಿಂದ ಮೊಟ್ಟೆ ಇಡಿಸಿ ಮುಂದಿನ ಬೆಳೆ ತೆಗೀತಾರಾ? ಪ್ರತಿ ಬೆಳೆಗೂ ಹೊಸ ಮೊಟ್ಟೆ, ಇಲ್ಲಾ ಚಾಕಿ ಹುಳ, ಅಂದ್ರೆ ಎಳೆ ಹುಳ ತರ್ತಾರೆ. ಹುಳದ ವಿಷಯದಲ್ಲಿ ಇರೋ ಬುದ್ಧಿ ತೆಂಗಿನ ಬುಡಕ್ಕೆ ಬಂದಾಗ ಎಲ್ಲಿ ಹೋಗುತ್ತೋ! ನಾನೂ ಒಂದು ಕಾಲದಲ್ಲಿ ಹತ್ತು ಕಾಯಿ ಹೂತವನೇ. ಒಂದು ಸಸಿಯ ದಂಟು ಹಸಿರು, ಒಂದರದ್ದು ಕಂದು, ಒಂದು ಬೀಗಿ ಬೆಳೀತು, ಇನ್ನೊಂದು ಮೊಣಕಾಲುದ್ದಕ್ಕೇ ನಿಂತಿತು. ಒಂದೇ ಗೊನೆಯ ಕಾಯಿ ಅಂದ್ರೆ ಯಾರೂ ನಂಬಲಿಲ್ಲ.

"ನಮ್ಮ ಭಾವನ ತೋಟದಲ್ಲಿ ಹಾಕಿದ್ವಿ, ಅದೇ ಥರ ಬಂತು" ಅನ್ನೋರಿದ್ದಾರೆ. ಸುಳ್ಳಲ್ಲ. ಅದು ಹೈಬ್ರಿಡ್ ಆಗಿರಲಿಲ್ಲ, ಅಷ್ಟೇ. ಕುಳ್ಳಗಿದ್ದು ಬೇಗ ಕಾಯಿ ಕಚ್ಚಿದ್ದಕ್ಕೆಲ್ಲ ನಾವು ಹೈಬ್ರಿಡ್ ಅಂತೀವಿ. ಗಿಡ್ಡ ತಳಿಯಲ್ಲಿ ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟೋದ್ರಿಂದ ಮಕ್ಕಳು ತಾಯಿಯಂತೆಯೇ ಇರುತ್ತವೆ.

ನರ್ಸರಿಯಲ್ಲಿ ಇನ್ನೊಂದು ತಮಾಷೆ. ಚಂದ್ರ ಸಂಕರ ಅನ್ನೋ ಹೈಬ್ರಿಡ್ ತೆಂಗಿನ ತಾಯಿ ಚೌಘಾಟ್ ಕಿತ್ತಳೆ ಗಿಡ್ಡ ತಳಿ, ತಂದೆ ಪಶ್ಚಿಮ ಕರಾವಳಿಯ ಎತ್ತರದ ತಳಿ. ಕೂಡಿಕೆ ಸರಿಯಾಗಿದ್ದರೆ ಸಸಿಯ ಎಲೆದಂಟು ಕಂದು ಬಣ್ಣ ತಿರುಗಿರುತ್ತೆ. ಕಿತ್ತಳೆ ಬಣ್ಣವೇ ಉಳಿದಿದ್ದರೆ ತಂದೆ ಸೇರಿಲ್ಲ ಅಂತ ಅರ್ಥ. ನಮ್ಮವರು ಬಣ್ಣ ಚೆಂದ ಅಂತ ಅದನ್ನೇ ಆರಿಸಿ, ಹೈಬ್ರಿಡ್ ರೇಟು ಕೊಟ್ಟು, ಆಟೋಗೆ ಹೇರಿಕೊಂಡು ಬರ್ತಾರೆ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಮದ್ದೂರು ಮಾರುಕಟ್ಟೆಗೆ ಎಳನೀರು ಹಾಕೋದಾದ್ರೆ ಹೈಬ್ರಿಡ್ಡೇ ಯಾಕೆ? ಆ ಕಿತ್ತಳೆ ಗಿಡ್ಡವೇ ಎಳನೀರಿಗೆ ಹೇಳಿಮಾಡಿಸಿದ ತಳಿ. ಏಳು ತಿಂಗಳಿಗೆ ಇಳಿಸಿದರೆ ನೀರು ಸಿಹಿ. ಕೊಬ್ಬರಿಗೆ ಮಾತ್ರ ಅದನ್ನು ನೆಚ್ಚಿಕೊಳ್ಳಬೇಡಿ. ಇದೆಲ್ಲ ನಾಲೆ ನೀರು ಇರೋರಿಗೆ ಹೇಳಿದ ಮಾತು. ನಾಗಮಂಗಲದ ಕಡೆ, ಬೇಸಿಗೆಗೆ ಬೋರ್‌ವೆಲ್ ಕೈಕೊಡೋ ತೋಟಕ್ಕೆ ಗಿಡ್ಡವೂ ಬೇಡ, ಹೈಬ್ರಿಡ್ಡೂ ಬೇಡ. ತಿಪಟೂರಿನ ಎತ್ತರದ ತಳಿ ಹಾಕಿ, ಆರೇಳು ವರ್ಷ ಕಾಯಿರಿ.