ಆಗಿದ್ದನ್ನು ಮತ್ತೆ ಹೇಳಿಸಿದರೆ ಗಾಯ ಕೆದಕಿದಂತಾಗುವುದಿಲ್ಲವೇ?

ಪ್ರಶ್ನೆ: 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಬರೆ (ಗುಡ್ಡದ ಇಳಿಜಾರು) ಕುಸಿದು ನಮ್ಮ ಮನೆಯೂ ಅರ್ಧ ತೋಟವೂ ಹೋದವು. ಈಗ ಪುನರ್ವಸತಿ ಬಡಾವಣೆಯಲ್ಲಿದ್ದೇವೆ. ಮಳೆ ಹಿಡಿಯಿತೆಂದರೆ ಅಮ್ಮ ರಾತ್ರಿಯೆಲ್ಲ ಎದ್ದು ಕೂರುತ್ತಾರೆ. ಚಿಕಿತ್ಸೆಗೆ ಹೋದರೆ ಆ ದಿನದ ಕಥೆಯನ್ನೆಲ್ಲ ಮತ್ತೆ ಹೇಳಿಸುತ್ತಾರಂತೆ. ಅದರ ಬದಲು ಮರೆಯಲು ಬಿಡುವುದೇ ಒಳ್ಳೆಯದಲ್ಲವೇ?

ಉತ್ತರ: ನಿಮ್ಮ ಅಳುಕಿಗೆ ಕಾರಣವಿದೆ. ದುರಂತ ನಡೆದ ಒಂದೆರಡು ದಿನಗಳಲ್ಲೇ ಸಂತ್ರಸ್ತರನ್ನು ಕೂರಿಸಿ ಕಂಡದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವ ಪದ್ಧತಿಯೊಂದು ಹಿಂದೆ ಬಳಕೆಯಲ್ಲಿತ್ತು. ಅದರಿಂದ ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಅದು ಬೇಡವೆಂದಿದೆ. ಆ ಹೊತ್ತಿನಲ್ಲಿ ಬೇಕಾಗುವುದು ಒಣಬಟ್ಟೆ, ಬಿಸಿ ಊಟ, ಮನೆಯವರ ಸುದ್ದಿ ಮತ್ತು ಪಕ್ಕದಲ್ಲಿ ಕೂರುವ ಒಬ್ಬರು. ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ.

ನಿಮ್ಮ ತಾಯಿಯವರ ಸ್ಥಿತಿ ಬೇರೆ. ಕೆಟ್ಟ ಕನಸು, ಬೆಚ್ಚಿಬೀಳುವುದು, ನೆನಪು ತರುವ ಜಾಗಗಳಿಂದ ದೂರ ಉಳಿಯುವುದು ಇವೆಲ್ಲ ಒಂದು ತಿಂಗಳು ಮೀರಿಯೂ ಉಳಿದು ದಿನನಿತ್ಯದ ಬದುಕಿಗೆ ಅಡ್ಡಿಯಾದರೆ ಅದನ್ನು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ವೈದ್ಯರು ನೋಡಿ ಖಚಿತಪಡಿಸಬೇಕು. ಇಂಥ ನೆನಪು ಮುಗಿದ ಸಂಗತಿಯಾಗಿ ಮನಸ್ಸಿನಲ್ಲಿ ಕುಳಿತಿರುವುದಿಲ್ಲ. ಶೀಟಿನ ಮೇಲೆ ಮಳೆ ಬಡಿಯುವ ಸದ್ದು, ಹಸಿಮಣ್ಣಿನ ವಾಸನೆ ಸಾಕು, ಅದು ಈಗಲೇ ನಡೆಯುತ್ತಿರುವಂತೆ ಮೇಲೇಳುತ್ತದೆ. ಹಾಗಾಗಿ ಮರೆಯಲೆಂದು ಬಿಟ್ಟರೂ ಅದು ಮರೆಯುವುದಿಲ್ಲ.

ಬಾಗಿಲ ಬಳಿ ಸದಾ ಇರುವ ಒಂದು ಚೀಲವನ್ನು ನೆನೆಯಿರಿ. ಅದರಲ್ಲಿ ರೇಷನ್ ಕಾರ್ಡು, ಪಹಣಿ, ಬಿಪಿ ಮಾತ್ರೆ, ಟಾರ್ಚು. 2019ರಲ್ಲಿ ತೋರ ಗ್ರಾಮದ ಗುಡ್ಡ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದದ್ದನ್ನು ಕಂಡ ಈ ಜಿಲ್ಲೆಯಲ್ಲಿ ಆ ಚೀಲ ಕಾಯಿಲೆಯಲ್ಲ, ವಿವೇಕ. ‘ಏನೂ ಆಗುವುದಿಲ್ಲ, ಸುಮ್ಮನೆ ಮಲಗಿ’ ಎನ್ನುವ ಚಿಕಿತ್ಸಕರನ್ನು ನಾನು ಒಪ್ಪಲಾರೆ. ಆದರೆ ರಾತ್ರಿ ಎರಡು ಗಂಟೆಗೆ ನಾಲ್ಕನೆಯ ಸಲ ಅದರ ಜಿಪ್ ತೆರೆದು ನೋಡುವುದು ಕಾಯಿಲೆಯ ಕೆಲಸ. ಬೆಳಗಾದಾಗ ಮನೆ ನಿಂತೇ ಇರುತ್ತದೆ; ‘ನಾನು ಎಚ್ಚರವಿದ್ದುದರಿಂದಲೇ ಉಳಿದೆವು’ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆ ತಪ್ಪು ಲೆಕ್ಕವನ್ನು ತಿದ್ದುವುದೇ ಚಿಕಿತ್ಸೆ.

ಭಯವನ್ನು ಹಂತಹಂತವಾಗಿ ಎದುರಿಸುವ ವಿಧಾನದಲ್ಲಿ ಸಾಮಾನ್ಯವಾಗಿ 8ರಿಂದ 15 ಭೇಟಿಗಳಿರುತ್ತವೆ. ಮೊದಲು ಉಸಿರಾಟದ ಅಭ್ಯಾಸ ಮತ್ತು ಕಾಯಿಲೆಯ ವಿವರಣೆ. ಆಮೇಲೆ ಚಿಕಿತ್ಸಕರ ಎದುರು ಆ ದಿನವನ್ನು ಹೇಳುವುದು, ಮತ್ತೆ ಮತ್ತೆ ಹೇಳುವುದು. ಹೇಳುತ್ತ ಹೋದಂತೆ ಎದೆಬಡಿತ ತಗ್ಗುತ್ತದೆ, ನಡೆದದ್ದು ಮುಗಿದದ್ದೆಂದು ದೇಹಕ್ಕೂ ಅರಿವಾಗುತ್ತದೆ. ಜೊತೆಗೆ, ಇಷ್ಟು ದಿನ ದೂರವಿಟ್ಟ ಸುರಕ್ಷಿತ ಸಂಗತಿಗಳನ್ನು ಒಂದೊಂದಾಗಿ ಹತ್ತಿರ ತರುತ್ತಾರೆ: ಮೊದಲು ಮಳೆಯ ಧ್ವನಿಮುದ್ರಿಕೆ, ನಂತರ ಹನಿಮಳೆಯಲ್ಲಿ ಜಗಲಿಯ ಮೇಲೆ ಹತ್ತು ನಿಮಿಷ, ಮುಂದೊಂದು ದಿನ ಹಳೆಯ ಊರಿನ ದಾರಿ. ಗಾಯ ಕೆದಕುವುದಕ್ಕೂ ತೊಳೆದು ಕಟ್ಟುವುದಕ್ಕೂ ಇರುವ ವ್ಯತ್ಯಾಸ ಇದೇ. ನೋವು ಎರಡರಲ್ಲೂ ಇದೆ, ಆರಂಭದ ಕೆಲವು ವಾರ ನಿದ್ದೆ ಇನ್ನಷ್ಟು ಕೆಡಲೂಬಹುದು.

ಎಲ್ಲರೂ ಹೀಗೆ ವಿವರವಾಗಿ ಹೇಳಲೇಬೇಕೆಂದಿಲ್ಲ. ‘ಒಂದು ಗಂಟೆ ಮುಂಚೆ ಹೊರಟಿದ್ದರೆ ಹಸುಗಳನ್ನಾದರೂ ಬಿಚ್ಚಬಹುದಿತ್ತು’ ಎಂಬಂಥ ಕೊರಗು ಮುಖ್ಯವಾಗಿದ್ದರೆ, ಆ ಯೋಚನೆಗಳನ್ನೇ ಪರೀಕ್ಷಿಸುವ ಸುಮಾರು 12 ಭೇಟಿಗಳ ಚಿಕಿತ್ಸೆಯಿದೆ. ಮಾತು ಕಡಿಮೆಯಿರುವವರಿಗೆ, ಕಣ್ಣನ್ನು ಅತ್ತಿತ್ತ ಚಲಿಸುತ್ತ ನೆನಪನ್ನು ಮನಸ್ಸಿನಲ್ಲೇ ನೋಡುವ ಇಎಂಡಿಆರ್ ಸರಿಹೋಗಬಹುದು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಫ್ರಾನ್ಸಿನ್ ಶಪಿರೋ ರೂಪಿಸಿದ ಇದನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ಕಣ್ಣಿನ ಚಲನೆಯೇ ಗುಣಕ್ಕೆ ಕಾರಣವೇ ಎಂಬ ಚರ್ಚೆ ಮಾತ್ರ ಮುಗಿದಿಲ್ಲ. ಸರ್ಟ್ರಲಿನ್‌ನಂಥ ಔಷಧಿಯನ್ನು ಮನೋವೈದ್ಯರು ಕೊಡಬಹುದು. ಅಂಗಡಿಯಿಂದ ತಾವೇ ನಿದ್ದೆಮಾತ್ರೆ ತರುವುದು, ನಿದ್ದೆಗೆಂದು ಸಂಜೆ ಮದ್ಯ ಹಿಡಿಯುವುದು ಬೇಡವೇ ಬೇಡ.

ಭಾಷೆಯ ಮಾತನ್ನು ಒತ್ತಿ ಹೇಳಬೇಕು. ಆ ರಾತ್ರಿ ನಿಮ್ಮ ತಾಯಿ ಕೂಗಿದ್ದು ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಆಗಿದ್ದರೆ, ನೆನಪೂ ಅದೇ ಭಾಷೆಯಲ್ಲಿದೆ. ಅದನ್ನು ಬಲ್ಲ ಚಿಕಿತ್ಸಕರು ಸಿಗುವರೇ ಎಂದು ಸಂಕೋಚವಿಲ್ಲದೆ ವಿಚಾರಿಸಿ. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಮೊದಲು ತೋರಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡವೆಂಬ ಮಾತು ಅವರ ಬಾಯಲ್ಲಿ ಬಂದರೆ ಅವತ್ತೇ ಕರೆದೊಯ್ಯಿರಿ. ಹಾಗಿಲ್ಲದಿದ್ದರೆ, ಕಾಫಿ ಕೊಯ್ಲು ಮುಗಿದು ಮಳೆ ಇನ್ನೂ ದೂರವಿರುವಾಗ ಶುರುಮಾಡುವುದು ಅನುಕೂಲ. ಹೊರಡುವ ಮುನ್ನ ಅಮ್ಮನಿಗೆ ಇಷ್ಟನ್ನು ತಿಳಿಸಿ: ಮೊದಲ ದಿನ ಆ ಕಥೆಯನ್ನು ಹೇಳಬೇಕಾಗಿಲ್ಲ, ನಿದ್ದೆ ಬರುತ್ತಿಲ್ಲವೆಂದಷ್ಟೇ ಹೇಳಿದರೂ ಸಾಕು, ಮುಂದೆಯೂ ‘ಇವತ್ತಿಗೆ ಸಾಕು’ ಎನ್ನುವ ಹಕ್ಕು ಅವರದೇ.