ಎಣ್ಣೆಬೀಜದ ಮೊಳಕೆ: ಕೊಬ್ಬು ಸಕ್ಕರೆಯಾಗುವ ಲೆಕ್ಕ

ಸೂರ್ಯಕಾಂತಿ ಬೀಜದ ಸಿಪ್ಪೆ ಸುಲಿದು, ತಿರುಳನ್ನು ಕಾಗದದ ಮೇಲೆ ಜಜ್ಜಿ ಒಂದು ಗಂಟೆ ಬಿಡಿ. ನೀರಿನ ಗುರುತು ಆರಿಹೋದರೂ ಜಿಡ್ಡಿನ ಕಲೆ ಉಳಿಯುತ್ತದೆ. ಅಂಥದೇ ಬೀಜವನ್ನು ಮೊಳೆಯಿಸಿ, ವಾರದ ಮೇಲೆ ಅದರ ಬೀಜದಳವನ್ನು ಹೀಗೆಯೇ ಜಜ್ಜಿದರೆ ಕಲೆ ಅಷ್ಟು ಗಾಢವಾಗಿರುವುದಿಲ್ಲ. ಎಣ್ಣೆ ಎಲ್ಲಿ ಹೋಯಿತು? ‘ಉಸಿರಾಟದಲ್ಲಿ ಉರಿದುಹೋಯಿತು’ ಎಂಬ ಉತ್ತರ ಅರೆಬರೆ. ಅದರ ಬಹುಪಾಲು ಸಕ್ಕರೆಯಾಗಿದೆ.

ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೊಕ್ಯಾಲರಿ ಶಕ್ತಿಯಿದ್ದರೆ, ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು 4. ಪುಟ್ಟ ಬೀಜಕ್ಕೆ ಕೊಬ್ಬೇ ಒಳ್ಳೆಯ ಬುತ್ತಿ. ಆದರೆ ಕೊಬ್ಬು ನೀರಿನಲ್ಲಿ ಕರಗುವುದಿಲ್ಲ, ಬೇರಿನ ತುದಿಯವರೆಗೆ ಹರಿದು ಹೋಗಲಾರದು. ಸುಕ್ರೋಸ್ ಎಂಬ ಸಕ್ಕರೆ ಹೋಗಬಲ್ಲದು. ಹೊಸ ಕೋಶಭಿತ್ತಿಗೆ ಬೇಕಾದ ಸೆಲ್ಯುಲೋಸ್ ಕೂಡ ಸಕ್ಕರೆಯಿಂದಲೇ ಆಗಬೇಕು.

ಎಣ್ಣೆಯು ಕೋಶದೊಳಗೆ ಸಣ್ಣ ಹನಿಗಳಾಗಿ ಕುಳಿತಿರುತ್ತದೆ. ಲೈಪೇಸ್ ಕಿಣ್ವ ಅದನ್ನು ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳಾಗಿ ಒಡೆಯುತ್ತದೆ. ಗ್ಲಿಸರಾಲ್ ನೇರವಾಗಿ ಸಕ್ಕರೆಯ ದಾರಿ ಹಿಡಿಯುತ್ತದೆ. ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಕೊಬ್ಬಿನಾಮ್ಲಗಳು ಗ್ಲೈಆಕ್ಸಿಸೋಮ್ ಎಂಬ ಕಣದಂಗಕ್ಕೆ ಹೋಗುತ್ತವೆ. ಅಲ್ಲಿ ಬೀಟಾ ಆಕ್ಸಿಡೀಕರಣ ನಡೆದು, ಎರಡೆರಡು ಇಂಗಾಲದ ತುಂಡುಗಳಾಗಿ, ಅಂದರೆ ಅಸಿಟೈಲ್ ಕೋ-ಎ ಆಗಿ, ಕತ್ತರಿಸಲ್ಪಡುತ್ತವೆ. ಈ ಹಂತದಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್ ಕೋಶಕ್ಕೆ ಅಪಾಯಕಾರಿ. ಕ್ಯಾಟಲೇಸ್ ಕಿಣ್ವ ಅದನ್ನು ಅಲ್ಲಿಯೇ ನೀರು ಮತ್ತು ಆಮ್ಲಜನಕವಾಗಿ ಒಡೆದುಬಿಡುತ್ತದೆ.

ಇನ್ನು ಮುಂದೆ ಹೆಸರುಗಳನ್ನು ಉರುಹೊಡೆಯಬೇಡಿ, ಇಂಗಾಲವನ್ನು ಎಣಿಸಿ. ಅಸಿಟೈಲ್ ಕೋ-ಎ, ಉಸಿರಾಟದ ಭಾಗವಾದ ಕ್ರೆಬ್ಸ್ ಚಕ್ರಕ್ಕೆ ಹೋದರೆ ಎರಡು ಇಂಗಾಲ ಒಳಗೆ ಬರುತ್ತವೆ, ಎರಡು ಇಂಗಾಲದ ಡೈಆಕ್ಸೈಡಾಗಿ ಹೊರಗೆ ಹೋಗುತ್ತವೆ. ಶಕ್ತಿಯೇನೋ ದಕ್ಕಿತು, ಆದರೆ ಸಕ್ಕರೆ ಕಟ್ಟಲು ಉಳಿದದ್ದು ಸೊನ್ನೆ. ಗ್ಲೈಆಕ್ಸಿಲೇಟ್ ಚಕ್ರವು ಆ ಎರಡು ಸೋರಿಕೆಗಳನ್ನೂ ತಪ್ಪಿಸಿಕೊಂಡು ಹೋಗುವ ಅಡ್ಡದಾರಿ. ಚಕ್ರದಲ್ಲಿ ಹುಟ್ಟುವ ಆರು ಇಂಗಾಲದ ಐಸೊಸಿಟ್ರೇಟನ್ನು ಐಸೊಸಿಟ್ರೇಟ್ ಲೈಯೇಸ್ ಕಿಣ್ವವು ನಾಲ್ಕು ಇಂಗಾಲದ ಸಕ್ಸಿನೇಟ್ ಮತ್ತು ಎರಡು ಇಂಗಾಲದ ಗ್ಲೈಆಕ್ಸಿಲೇಟ್ ಆಗಿ ಸೀಳುತ್ತದೆ. ಮ್ಯಾಲೇಟ್ ಸಿಂಥೇಸ್ ಆ ಗ್ಲೈಆಕ್ಸಿಲೇಟಿಗೆ ಇನ್ನೊಂದು ಅಸಿಟೈಲ್ ಕೋ-ಎಯ ಎರಡು ಇಂಗಾಲಗಳನ್ನು ಜೋಡಿಸಿ ಮ್ಯಾಲೇಟ್ ಮಾಡುತ್ತದೆ. ಮ್ಯಾಲೇಟ್ ಚಕ್ರವನ್ನು ಮುಂದುವರಿಸುತ್ತದೆ. ಸಕ್ಸಿನೇಟ್ ಪೂರ್ತಿ ಉಳಿತಾಯ. ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಈ ಎರಡು ಕಿಣ್ವಗಳಿಲ್ಲ. ಅಸಿಟೈಲ್ ಕೋ-ಎಯಿಂದ ನಮ್ಮ ದೇಹವು ನಿವ್ವಳ ಗ್ಲೂಕೋಸ್ ತಯಾರಿಸಲಾರದು ಎಂಬುದಕ್ಕೆ ಇದೊಂದು ಮುಖ್ಯ ಕಾರಣ.

ಸಕ್ಸಿನೇಟ್ ಮೈಟೊಕಾಂಡ್ರಿಯಕ್ಕೆ ದಾಟಿ ಮ್ಯಾಲೇಟ್ ಆಗುತ್ತದೆ. ಆ ನಡುವೆ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯೂ ಒಂದಿಷ್ಟು ಸಿಗುತ್ತದೆ. ಮ್ಯಾಲೇಟ್ ಕೋಶದ್ರವಕ್ಕೆ ಬಂದು ಆಕ್ಸಲೋಅಸಿಟೇಟ್ ಆಗಿ, ಒಂದು ಇಂಗಾಲವನ್ನು ಕಳೆದುಕೊಂಡು ಫಾಸ್ಫೋಈನಾಲ್‌ಪೈರುವೇಟ್ ಆಗುತ್ತದೆ. ಅಲ್ಲಿಂದ ಬಹುಮಟ್ಟಿಗೆ ಗ್ಲೈಕಾಲಿಸಿಸ್‌ನ, ಅಂದರೆ ಸಕ್ಕರೆ ಒಡೆಯುವ ಕ್ರಿಯೆಯ, ಹಾದಿಯಲ್ಲೇ ಹಿಮ್ಮುಖ ಪಯಣ, ಕೊನೆಗೆ ಸುಕ್ರೋಸ್.

ಪಾಮಿಟಿಕ್ ಆಮ್ಲ ಎಂಬ ಕೊಬ್ಬಿನಾಮ್ಲದಿಂದ ಲೆಕ್ಕ ಹಾಕೋಣ. ಹದಿನಾರು ಇಂಗಾಲ, ಎಂಟು ಅಸಿಟೈಲ್ ಕೋ-ಎ, ಎರಡಕ್ಕೊಂದರಂತೆ ನಾಲ್ಕು ಸಕ್ಸಿನೇಟ್. ನಾಲ್ಕು ಇಂಗಾಲ ಗಾಳಿಗೆ ಹೋದರೆ ಉಳಿಯುವುದು ಹನ್ನೆರಡು: ಸರಿಯಾಗಿ ಒಂದು ಸುಕ್ರೋಸ್ ಅಣು. ಈಗ ತೂಕ ನೋಡಿ. ಪಾಮಿಟಿಕ್ ಆಮ್ಲದ ಅಣುತೂಕ 256, ಸುಕ್ರೋಸಿನದು 342! ಮೊದಲ ಸಲ ಇದನ್ನು ನೋಡಿದಾಗ ಕೂಡುವುದರಲ್ಲಿ ತಪ್ಪಿದೆನೆಂದುಕೊಂಡು ಮತ್ತೆ ಕೂಡಿದ್ದೆ. ಪಾಮಿಟಿಕ್ ಆಮ್ಲದಲ್ಲಿ ಆಮ್ಲಜನಕದ ಎರಡೇ ಪರಮಾಣುಗಳು, ಸುಕ್ರೋಸಿನಲ್ಲಿ ಹನ್ನೊಂದು. ಹೆಚ್ಚಿದ ತೂಕ ಅದರದ್ದೇ. ನಿಜವಾದ ಬೀಜದಲ್ಲಿ ಸ್ವಲ್ಪ ಕೊಬ್ಬು ಉರಿಯುವುದೂ ಉಂಟು, ಹಾಗಾಗಿ ಲಾಭ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ.

ಗ್ಲೈಆಕ್ಸಿಲೇಟ್ ಚಕ್ರವನ್ನು 1957ರಲ್ಲಿ ವಿಜ್ಞಾನಿಗಳಾದ ಕಾರ್ನ್‌ಬರ್ಗ್ ಮತ್ತು ಕ್ರೆಬ್ಸ್ ಮೊದಲು ವಿವರಿಸಿದ್ದು ಸೂಕ್ಷ್ಮಜೀವಿಗಳಲ್ಲಿ. ಅದೇ ವರ್ಷ ಕಾರ್ನ್‌ಬರ್ಗ್ ಮತ್ತು ಬೀವರ್ಸ್ ಹರಳು ಬೀಜದಲ್ಲೂ ಅದನ್ನು ತೋರಿಸಿದರು. ಹರಳಿನಲ್ಲಿ ಎಣ್ಣೆಯಿರುವುದು ಮುಖ್ಯವಾಗಿ ಭ್ರೂಣಾಹಾರದಲ್ಲಿ. ಎಣ್ಣೆ ಮುಗಿದ ಮೇಲೆ ಅದು ಸೊರಗಿ ಸಾಯುತ್ತದೆ. ಸೂರ್ಯಕಾಂತಿಯ ಬೀಜದಳ ಹಾಗಲ್ಲ. ಬೆಳಕು ಕಂಡು ಹಸಿರಾಗುತ್ತಿದ್ದಂತೆ ಅದರ ಗ್ಲೈಆಕ್ಸಿಸೋಮ್‌ಗಳು ಕಿಣ್ವಗಳನ್ನು ಬದಲಿಸಿಕೊಂಡು ಎಲೆಯ ಪೆರಾಕ್ಸಿಸೋಮ್ ಎಂಬ ಕಣದಂಗಗಳಾಗುತ್ತವೆ.